ಟಿಟಿ ಇಂಜೆಕ್ಷನ್ ಆದ ಮೇಲೆ ಭುಜ ಎತ್ತಲಾಗುತ್ತಿಲ್ಲ: ಪರಿಹಾರ ಕೇಳಬಹುದೇ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು, ವಯಸ್ಸು 46. ಕಳೆದ ಅಕ್ಟೋಬರ್‌ನಲ್ಲಿ ತೋಟದಲ್ಲಿ ಹುಲ್ಲು ಕೊಯ್ಯುವಾಗ ಎಡಗೈ ಬೆರಳಿಗೆ ಕತ್ತಿ ತಾಗಿತು. ಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಬಲಗೈಗೆ ಟಿಟಿ ಕೊಟ್ಟರು. ಬ್ಲೌಸಿನ ತೋಳು ಬಿಗಿ ಇತ್ತು ಅಂತ ಕುತ್ತಿಗೆ ಕಡೆಯಿಂದ ಬಟ್ಟೆ ಸರಿಸಿ ಭುಜದ ತುದಿ ಹತ್ತಿರವೇ ಚುಚ್ಚಿದರು. ಅವತ್ತು ರಾತ್ರಿಯೇ ಕೈ ಎತ್ತಲಾಗದಷ್ಟು ನೋವು ಶುರುವಾಯಿತು. ಮೂರನೇ ದಿನ ಮತ್ತೆ ಹೋದೆ. ‘ಇಂಜೆಕ್ಷನ್ ನೋವು, ಹೋಗ್ತದೆ’ ಅಂತ ಮಾತ್ರೆ ಕೊಟ್ಟು ಕಳಿಸಿದರು. ಈಗ ಏಳು ತಿಂಗಳಾಯಿತು. ಜಡೆ ಹೆಣೆಯಲು ಆಗುವುದಿಲ್ಲ, ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಈ ಸಲ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂರಲೇ ಇಲ್ಲ. ಬ್ಲೌಸ್ ಹೊಲಿದು ಬರುತ್ತಿದ್ದ ದುಡ್ಡೂ ನಿಂತಿದೆ. ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿದಾಗ ಭುಜದೊಳಗೆ ನೀರು ತುಂಬಿ ಊದಿಕೊಂಡಿದೆ ಅಂದರು. ಅಮೆರಿಕದಲ್ಲಿರುವ ಅಕ್ಕನ ಮಗ ‘ಇಲ್ಲಿ ಇದಕ್ಕೆ ಸರ್ಕಾರವೇ ಪರಿಹಾರ ಕೊಡುತ್ತದೆ’ ಅನ್ನುತ್ತಾನೆ. ಊರಲ್ಲಿ ಕೆಲವರು ಪೊಲೀಸ್ ಕಂಪ್ಲೇಂಟ್ ಕೊಡಿ ಅಂತಾರೆ, ಕೆಲವರು ಡಾಕ್ಟ್ರ ಸಂಗಡ ಯಾಕೆ ಜಗಳ ಅಂತಾರೆ. ಮಗಳಿಗೆ ಶಾಲೆಯಲ್ಲಿ ಇಂಜೆಕ್ಷನ್ ಕೊಡುತ್ತಾರಂತೆ, ಅದಕ್ಕೂ ಹೆದರಿಕೆಯಾಗಿದೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇದೆ. ಈ ಕೈ ಸರಿಹೋಗುತ್ತದೋ ಇಲ್ಲವೋ ಅನ್ನುವುದು ಒಂದು. ಯಾರದೋ ಕೈತಪ್ಪಿನಿಂದ ಆದ ನಷ್ಟವನ್ನು ನಾನೊಬ್ಬಳೇ ಯಾಕೆ ಹೊರಬೇಕು ಅನ್ನುವುದು ಇನ್ನೊಂದು. ನಾನು ಕಾರವಾರದಲ್ಲಿ ಗ್ರಾಹಕ ಕೇಸುಗಳನ್ನು ನಡೆಸುವ ವಕೀಲ. ಮೊದಲನೆಯದಕ್ಕೆ ಮೂಳೆ ಡಾಕ್ಟರೇ ಉತ್ತರ ಹೇಳಬೇಕು. ಆದರೆ ಇಂಥ ಕೇಸಿನಲ್ಲಿ ವೈದ್ಯಕೀಯ ಮತ್ತು ಕಾನೂನು ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಹಾಗಾಗಿ ಭುಜದಿಂದಲೇ ಶುರು ಮಾಡುತ್ತೇನೆ.

ಇಂಜೆಕ್ಷನ್ ಹಾಕಿದ ಕೈ ಎರಡು ಮೂರು ದಿನ ನೋಯುವುದು ಸಹಜ. ಆ ನೋವು ರಟ್ಟೆಯ ಮಾಂಸದಲ್ಲಿ ಇರುತ್ತದೆ, ಮುಟ್ಟಿದರೆ ನೋಯುತ್ತದೆ, ತಾನಾಗಿ ಹೋಗುತ್ತದೆ. ನಿಮ್ಮದು ಹಾಗಲ್ಲ. ನಿಮಗೆ ಕೀಲು ಹಿಡಿದಿದೆ. ಭುಜದ ತುದಿಯಲ್ಲಿ ಕೈಗೆ ಸಿಗುವ ಗಟ್ಟಿ ಮೂಳೆ ಇದೆಯಲ್ಲ, ಅದರ ಕೆಳಗೆ ಬರ್ಸಾ ಅನ್ನುವ ತೆಳು ಚೀಲ ಇದೆ. ಒಳಗೆ ನಾಲ್ಕು ಹನಿ ಎಣ್ಣೆ ಹಾಕಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಯ ಹಾಗೆ ಅದು. ಕೈ ಎತ್ತುವಾಗ ಮೂಳೆಗೂ ಸ್ನಾಯುವಿಗೂ ತಿಕ್ಕಾಟ ಆಗದಂತೆ ಅದು ನೋಡಿಕೊಳ್ಳುತ್ತದೆ. ಸೂಜಿ ಮಾಂಸಕ್ಕೆ ಇಳಿಯುವ ಬದಲು ಮೇಲಕ್ಕಾಗಿ ಈ ಚೀಲಕ್ಕೆ ಇಳಿದರೆ ಲಸಿಕೆ ಅಲ್ಲೇ ನಿಲ್ಲುತ್ತದೆ. ದೇಹಕ್ಕೆ ಪ್ರತಿರೋಧ ಹುಟ್ಟಿಸುವುದೇ ಲಸಿಕೆಯ ಕೆಲಸ ಅಲ್ವಾ? ಆ ಕೆಲಸ ಕೀಲಿನ ಒಳಗೇ ಶುರುವಾದರೆ ಊತ, ನೀರು, ಆಮೇಲೆ ಬಿಗಿತ.

ವೈದ್ಯರು ಇದಕ್ಕೆ ಸಿರ್ವಾ (SIRVA, ಲಸಿಕೆ ಕೊಟ್ಟ ರೀತಿಯಿಂದ ಭುಜಕ್ಕೆ ಆಗುವ ಗಾಯ) ಎಂದು ಹೆಸರಿಟ್ಟಿದ್ದಾರೆ. ಲಸಿಕೆಯ ನಂತರ ಹೀಗೆ ಭುಜ ಕೆಟ್ಟ ಇಬ್ಬರ ವಿವರ 2006ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2010ರಲ್ಲಿ ಅಮೆರಿಕದ ವೈದ್ಯರು ಅಂಥ 13 ಜನರ ದಾಖಲೆಗಳನ್ನು ಒಟ್ಟಿಗೆ ನೋಡಿದರು. ಬಹುಪಾಲು ಎಲ್ಲರಿಗೂ ನೋವು ಒಂದು ದಿನದೊಳಗೇ ಶುರುವಾಗಿತ್ತು. ಈ ವಿಷಯ ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಸೂಜಿ ಎಲ್ಲಿ ಇಳಿಯಬೇಕು? ಭುಜದ ತುದಿ ಮೂಳೆಯಿಂದ ಎರಡು ಮೂರು ಬೆರಳು ಕೆಳಗೆ, ರಟ್ಟೆ ದಪ್ಪವಾಗಿರುವ ಕಡೆ. ಇದು ಗೊತ್ತಿಲ್ಲದ ನರ್ಸ್ ಇಲ್ಲ. ಆದರೂ ತಪ್ಪುವುದು ಎಲ್ಲಿ ಅಂದರೆ ನೀವು ಬರೆದ ಕಡೆಯೇ. ತೋಳನ್ನು ಕೆಳಗಿನಿಂದ ಮೇಲೆ ಮಡಚಿದರೆ ರಟ್ಟೆ ಪೂರ್ತಿ ಕಾಣುತ್ತದೆ. ಕುತ್ತಿಗೆ ಕಡೆಯಿಂದ ಬಟ್ಟೆ ಸರಿಸಿದರೆ ಕಾಣುವುದು ಭುಜದ ತುದಿ ಮಾತ್ರ. ಅದರ ಮೇಲೆ ನೀವು ಸ್ಟೂಲಿನಲ್ಲಿ ಕೂತಿದ್ದು ಚುಚ್ಚುವವರು ನಿಂತಿದ್ದರೆ ಕೈ ಇನ್ನೂ ಮೇಲಕ್ಕೇ ಹೋಗುತ್ತದೆ. ಅವಸರದಲ್ಲಿ ಇದು ಯಾವ ಆಸ್ಪತ್ರೆಯಲ್ಲೂ ಆಗಬಹುದು. ಆದರೆ ತಪ್ಪಿಸಲು ಆಗದ್ದೇನಲ್ಲ, ನಿಮ್ಮ ಕೇಸಿನ ಬಲವೇ ಅದು.

ಇಂಥ ಕೇಸಲ್ಲಿ ‘ಸೂಜಿ ನರಕ್ಕೆ ತಾಗಿದೆ’ ಎಂದು ಜನ ಹೇಳುವುದು ಜಾಸ್ತಿ. ದೂರಿನಲ್ಲಿ ಹಾಗೆ ಬರೆಯಬೇಡಿ. ನರಕ್ಕೆ ಪೆಟ್ಟಾದರೆ ಜುಮ್ಮೆನ್ನುವುದು, ಮರಗಟ್ಟುವುದು, ಕೈ ಸೋಲುವುದು ಇರುತ್ತದೆ. ನಿಮ್ಮ ಎಂಆರ್‌ಐ ಹೇಳುವುದು ಬೇರೆ. ನರ ಎಂದು ಬರೆದುಬಿಟ್ಟರೆ ಎದುರು ವಕೀಲರು ನರದ ಪರೀಕ್ಷೆ ಮಾಡಿಸಿ, ಸರಿ ಇದೆ ಎಂದು ತೋರಿಸಿ, ಇಡೀ ದೂರೇ ಸುಳ್ಳು ಅನ್ನುತ್ತಾರೆ.

ಲಸಿಕೆಯೇ ಕೆಟ್ಟದ್ದು ಎಂದೂ ಅಂದುಕೊಳ್ಳಬೇಡಿ. ಟಿಟಿ ಕೂಡ ಲಸಿಕೆಯೇ. ಗಾಯದಿಂದ ಬರುವ ಧನುರ್ವಾಯುವಿನ ಮುಂದೆ ಈ ಭುಜದ ನೋವು ಏನೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಲಸಿಕೆ ನಂತರದ ತೊಂದರೆಗಳನ್ನು ವಿಂಗಡಿಸುವಾಗ ಲಸಿಕೆಯಿಂದ ಆದದ್ದು ಬೇರೆ, ಕೊಡುವ ರೀತಿ ತಪ್ಪಿ ಆದದ್ದು ಬೇರೆ ಎಂದೇ ಇಟ್ಟಿದೆ. ನಿಮ್ಮದು ಎರಡನೆಯದು. ಮಗಳಿಗೆ ಶಾಲೆಯಲ್ಲಿ ಕೊಡುವುದು ಟಿಡಿ (ಧನುರ್ವಾಯು ಮತ್ತು ಡಿಫ್ತೀರಿಯಾ ತಡೆಯುವ ಲಸಿಕೆ) ಇರಬೇಕು, 10 ಮತ್ತು 16ನೇ ವಯಸ್ಸಿಗೆ ಕೊಡುತ್ತಾರೆ. ಖಂಡಿತ ಹಾಕಿಸಿ. ಅವತ್ತು ತೋಳು ಸಡಿಲ ಇರುವ ಅಂಗಿ ಹಾಕಿ ಕಳಿಸಿ, ತೋಳು ಮೇಲೆ ಮಡಚಿಕೊಂಡು ಕೂರಲು ಹೇಳಿ. ಇಷ್ಟು ಸಾಕು.

ಈಗ ನಿಮ್ಮ ಅಕ್ಕನ ಮಗ ಹೇಳಿದ್ದು. ಅವರು ಹೇಳಿದ್ದು ನಿಜ. ಅಮೆರಿಕದಲ್ಲಿ 1986ರ ಕಾನೂನಿನಡಿ ಲಸಿಕೆ ಪರಿಹಾರದ ಒಂದು ಯೋಜನೆ ಇದೆ, 1988ರಿಂದ ನಡೆಯುತ್ತಿದೆ. ಪ್ರತಿ ಡೋಸ್ ಲಸಿಕೆಯ ಮೇಲೆ, ಅದು ತಡೆಯುವ ಒಂದೊಂದು ಕಾಯಿಲೆಗೆ 75 ಸೆಂಟ್‌ನಂತೆ ತೆರಿಗೆ ಹಿಡಿದು ಆ ನಿಧಿ ಕಟ್ಟುತ್ತಾರೆ. 2017ರಲ್ಲಿ ಈ ಭುಜದ ತೊಂದರೆಯನ್ನೂ ಪಟ್ಟಿಗೆ ಸೇರಿಸಿದರು. ಮೊದಲು ಆ ಭುಜದಲ್ಲಿ ತೊಂದರೆ ಇರಬಾರದು, ಲಸಿಕೆಯಾದ 48 ಗಂಟೆಯೊಳಗೆ ನೋವು ಶುರುವಾಗಿರಬೇಕು, ನೋವು ಮತ್ತು ಬಿಗಿತ ಆ ಭುಜಕ್ಕೆ ಮಾತ್ರ ಸೀಮಿತವಾಗಿರಬೇಕು, ಬೇರೆ ಕಾರಣ ಕಾಣಬಾರದು. ಇಷ್ಟಿದ್ದು, ತೊಂದರೆ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ಯಾರ ತಪ್ಪು ಎಂದು ತೋರಿಸುವ ಕೆಲಸವೇ ಇಲ್ಲ. ಆದರೆ ಆ ಯೋಜನೆ ಅವರ ದೇಶದ್ದು. ಶಿರಸಿಯಲ್ಲಿ ಹಾಕಿಸಿಕೊಂಡ ಇಂಜೆಕ್ಷನ್ನಿಗೆ ಅಲ್ಲಿ ಅರ್ಜಿ ಹಾಕಲು ಬರುವುದಿಲ್ಲ. ಭುಜದ ಗಾಯಕ್ಕೆ ಅಂಥ ಪಟ್ಟಿ, ಅಂಥ ನಿಧಿ ನಮ್ಮಲ್ಲಿ ಇಲ್ಲ. ಇಲ್ಲಿ ಎರಡು ವಿಷಯ ತೋರಿಸಬೇಕಾಗುತ್ತದೆ: ಇಂಜೆಕ್ಷನ್ ಕೊಟ್ಟ ರೀತಿ ತಪ್ಪಿತ್ತು, ಮತ್ತು ಆ ತಪ್ಪಿನಿಂದಲೇ ಈ ಭುಜ ಕೆಟ್ಟಿದೆ. ಅಮೆರಿಕದ ಆ ನಾಲ್ಕು ಷರತ್ತುಗಳನ್ನು ನಮ್ಮ ಗ್ರಾಹಕ ಆಯೋಗ (ಗ್ರಾಹಕರ ದೂರು ಕೇಳುವ ನ್ಯಾಯಾಲಯದಂಥ ಸಂಸ್ಥೆ) ಒಪ್ಪಲೇಬೇಕು ಅಂತಿಲ್ಲ. ಆದರೂ ಇಂಥದ್ದೊಂದು ಕಾಯಿಲೆ ವೈದ್ಯಲೋಕಕ್ಕೆ ಗೊತ್ತಿದೆ ಎಂದು ತೋರಿಸಲು ದೂರಿನ ಜೊತೆ ಲಗತ್ತಿಸಬಹುದು.

ಎದುರಿನವರು ಏನು ಹೇಳುತ್ತಾರೆ ಎಂದು ಈಗಲೇ ಹೇಳಿಬಿಡುತ್ತೇನೆ. ‘ಇದು ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿಯುವ ಕಾಯಿಲೆ. ನಲವತ್ತು ದಾಟಿದ ಹೆಂಗಸರಿಗೆ ಬರುತ್ತದೆ, ಶುಗರ್, ಥೈರಾಯ್ಡ್ ಇದ್ದವರಿಗೆ ಇನ್ನೂ ಜಾಸ್ತಿ. ಇಂಜೆಕ್ಷನ್ ಆದದ್ದೂ ಇದು ಬಂದದ್ದೂ ಕಾಕತಾಳೀಯ.’ ಇದು ಸುಳ್ಳು ವಾದ ಅಲ್ಲ. ವೈದ್ಯಕೀಯವಾಗಿ ಇದರಲ್ಲಿ ಹುರುಳಿದೆ, ಎಷ್ಟೋ ಕೇಸು ಇಲ್ಲಿಗೇ ಬಿದ್ದುಹೋಗುತ್ತದೆ. ಇದಕ್ಕೆ ನಿಮ್ಮ ಉತ್ತರ ನೋವು ಯಾವಾಗ ಶುರುವಾಯಿತು ಅನ್ನುವುದು. ತಾನಾಗಿ ಬರುವ ಫ್ರೋಜನ್ ಶೋಲ್ಡರ್ ವಾರಗಟ್ಟಲೆ ಮೆಲ್ಲಗೆ ಬಿಗಿಯುತ್ತ ಬರುತ್ತದೆ. ನಿಮ್ಮದು ಒಂದೇ ರಾತ್ರಿಯಲ್ಲಿ ಬಂದಿದೆ. ಹಾಗಾಗಿ ಮೂರನೇ ದಿನ ಹೋದಾಗ ಕೊಟ್ಟ ಚೀಟಿ ನಿಮಗೆ ಎಂಆರ್‌ಐಗಿಂತ ದೊಡ್ಡದು. ಅದರಲ್ಲಿ ತಾರೀಕು, ಬಲ ಭುಜದ ನೋವು ಎಂಬ ಒಂದು ಸಾಲು ಇದ್ದರೂ ಸಾಕು. ಮಾತ್ರೆ ಹೆಸರು ಮಾತ್ರ ಇದ್ದರೆ ಮೆಡಿಕಲ್ ಶಾಪಿನ ಬಿಲ್ ಹುಡುಕಿ. ಆ ವಾರ ಅಕ್ಕನಿಗೋ ತಂಗಿಗೋ ‘ಕೈ ಎತ್ತೋಕೆ ಆಗ್ತಾ ಇಲ್ಲ’ ಎಂದು ವಾಟ್ಸಾಪ್ ಮಾಡಿದ್ದರೆ ಅದನ್ನು ಅಳಿಸಬೇಡಿ, ಆ ಮೊಬೈಲನ್ನೂ ಮಾರಬೇಡಿ.

ಶುಗರ್ ಮತ್ತು ಥೈರಾಯ್ಡ್ ಪರೀಕ್ಷೆಯನ್ನು ಈಗಲೇ ಮಾಡಿಸಿ. ಎರಡೂ ಸರಿ ಇದ್ದರೆ ಎದುರಿನವರ ದೊಡ್ಡ ಅಸ್ತ್ರವೇ ಹೋಯಿತು. ಶುಗರ್ ಇದೆ ಎಂದು ಬಂದರೆ ಕೇಸು ಮುಗಿಯಿತು ಅಂತಲ್ಲ, ಆದರೆ ಕಷ್ಟವಾಗುತ್ತದೆ. ದುಡ್ಡು ಖರ್ಚು ಮಾಡುವ ಮೊದಲೇ ಅದು ನಿಮಗೆ ಗೊತ್ತಿರುವುದು ಒಳ್ಳೆಯದು.

ಚಿಕಿತ್ಸೆಯನ್ನು ಕೇಸಿಗಾಗಿ ತಡೆಯಬೇಡಿ. ಕೈ ಸರಿಯಾದರೆ ಪರಿಹಾರ ಕಡಿಮೆಯಾಗುತ್ತದೆ ಎಂದು ಫಿಸಿಯೋಥೆರಪಿ ನಿಲ್ಲಿಸಿದವರನ್ನು ನೋಡಿದ್ದೇನೆ. ಇದು ಎರಡು ರೀತಿಯಲ್ಲಿ ನಷ್ಟ. ಬಿಗಿದ ಕೀಲು ಹಾಗೇ ಉಳಿಯುತ್ತದೆ. ಜೊತೆಗೆ ಆಯೋಗದ ಮುಂದೆ ‘ಇವರೇ ಔಷಧ ಮಾಡಿಕೊಳ್ಳಲಿಲ್ಲ’ ಎನ್ನುವ ಮಾತೂ ಬರುತ್ತದೆ. ಹೆಚ್ಚಿನವರಿಗೆ ವ್ಯಾಯಾಮ, ನೋವಿನ ಮಾತ್ರೆ, ಕೆಲವೊಮ್ಮೆ ಕೀಲಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್‌ನಿಂದ ತಿಂಗಳುಗಳಲ್ಲಿ ಗುಣ ಕಾಣುತ್ತದೆ. ಶಸ್ತ್ರಚಿಕಿತ್ಸೆಯವರೆಗೆ ಹೋಗುವವರು ಕಡಿಮೆ. ಮೂಳೆ ಡಾಕ್ಟರ ಹತ್ತಿರ ಹೋದಾಗ ಒಂದು ಮಾತು ಕೇಳಿಕೊಳ್ಳಿ: ‘ಇಂಥ ತಾರೀಕಿನ ಇಂಜೆಕ್ಷನ್ ಆದ ರಾತ್ರಿಯಿಂದ ನೋವು’ ಎಂದು ನಾನು ಹೇಳಿದ್ದನ್ನು ಚೀಟಿಯಲ್ಲಿ ಬರೆಯಿರಿ ಎಂದು. ಆ ಆಸ್ಪತ್ರೆಯದ್ದೇ ತಪ್ಪು ಎಂದು ಬರೆದುಕೊಡಿ ಅನ್ನಬೇಡಿ. ಯಾವ ಡಾಕ್ಟರೂ ಹಾಗೆ ಬರೆಯುವುದಿಲ್ಲ. ಕೇಳಿದರೆ ಮುಂದಿನ ಸಲ ಸರಿಯಾಗಿ ಮಾತೂ ಆಡುವುದಿಲ್ಲ.

ಇನ್ನು ದಾರಿಗಳು. ಪೊಲೀಸ್ ಕಂಪ್ಲೇಂಟ್ ಬೇಡ. ವೈದ್ಯರ ಮೇಲೆ ಕ್ರಿಮಿನಲ್ ಕೇಸು ನಿಲ್ಲಬೇಕಾದರೆ ಘೋರ ನಿರ್ಲಕ್ಷ್ಯ ಇರಬೇಕು, ಬೇರೆ ವೈದ್ಯರ ಅಭಿಪ್ರಾಯ ಮೊದಲೇ ಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ಎರಡು ಬೆರಳು ಮೇಲೆ ಇಳಿದ ಸೂಜಿ ಆ ಮಟ್ಟ ಮುಟ್ಟುವುದಿಲ್ಲ. ಮುಟ್ಟಿದರೂ ನಿಮ್ಮ ಕೈಗೆ ಪರಿಹಾರ ಬರುವ ದಾರಿ ಅದಲ್ಲ.

ನಿಮಗೆ ಸರಿಯಾದ ಜಾಗ ಗ್ರಾಹಕ ಆಯೋಗ. ಹೊಸ ಗ್ರಾಹಕ ಕಾನೂನು ಬಂದ ಮೇಲೆ ಆಸ್ಪತ್ರೆಗಳು ಅದರಿಂದ ಹೊರಗೆ ಎಂದು ಕೆಲವರು ಹೇಳುತ್ತಾರೆ, ಅದು ತಪ್ಪು. ಸುಪ್ರೀಂ ಕೋರ್ಟಿನ 1995ರ ಶಾಂತಾ ತೀರ್ಪಿನಿಂದ ದುಡ್ಡು ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೇ ಇದೆ. 2019ರ ಕಾನೂನಿಗೂ ಅದು ಅನ್ವಯಿಸುತ್ತದೆ ಎಂಬ ಬಾಂಬೆ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ನೀವು ಕೊಟ್ಟ ಬಿಲ್ ಕೆಲವೇ ನೂರು ರೂಪಾಯಿ ಇರಬಹುದು. ಅದರಿಂದ ತೊಂದರೆ ಇಲ್ಲ. ಯಾವ ಆಯೋಗಕ್ಕೆ ಹೋಗಬೇಕು ಎಂದು ತೀರ್ಮಾನವಾಗುವುದು ಬಿಲ್ಲಿನ ಮೊತ್ತದಿಂದ. ಎಷ್ಟು ಪರಿಹಾರ ಎಂಬುದು ನಿಮಗಾದ ನಷ್ಟದಿಂದ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಚುಚ್ಚಿದ್ದು ನರ್ಸ್ ಆಗಿದ್ದರೂ ಹೊಣೆ ಆಸ್ಪತ್ರೆಯದ್ದು. ಆ ಹುಡುಗಿಯ ಬೆನ್ನು ಹತ್ತುವ ಅಗತ್ಯ ಇಲ್ಲ.

ನಮ್ಮ ಜಿಲ್ಲೆಯ ಆಯೋಗ ಇರುವುದು ಕಾರವಾರದಲ್ಲಿ. ಶಿರಸಿಯಿಂದ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ನೋಯುವ ಭುಜ ಇಟ್ಟುಕೊಂಡು ಬಸ್ಸಿನಲ್ಲಿ ಕಂಬಿ ಹಿಡಿದು ಬರುವುದು ಏನೆಂದು ನನಗೆ ಗೊತ್ತು. ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ವಿಡಿಯೋ ಮೂಲಕ ವಿಚಾರಣೆಗೆ ಅವಕಾಶ ಕೊಡಿ ಎಂದು ಕೇಳಲು ಕಾನೂನಿನಲ್ಲೇ ಜಾಗ ಇದೆ. ಮೂರು ತಿಂಗಳಿಂದ ಐದು ತಿಂಗಳಲ್ಲಿ ತೀರ್ಮಾನ ಆಗಬೇಕು ಎಂದು ಕಾನೂನು ಹೇಳುತ್ತದೆ. ವೈದ್ಯಕೀಯ ಕೇಸು ಅಷ್ಟು ಬೇಗ ಮುಗಿಯುವುದಿಲ್ಲ. ವರ್ಷಗಳ ಲೆಕ್ಕವನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಳಿಯಿರಿ.

ಎಲ್ಲಕ್ಕಿಂತ ಕಷ್ಟದ ವಿಷಯ ತಜ್ಞರ ಸಾಕ್ಷಿ. ಒಬ್ಬ ಡಾಕ್ಟರ ಮೇಲೆ ಇನ್ನೊಬ್ಬ ಡಾಕ್ಟರು ಹೇಳಿಕೆ ಕೊಡಲು ಹಿಂಜರಿಯುತ್ತಾರೆ. ಅದರಲ್ಲೂ ನಮ್ಮದು ದೊಡ್ಡ ಆಸ್ಪತ್ರೆಗಾಗಿ ಹುಬ್ಬಳ್ಳಿ, ಮಣಿಪಾಲ, ಗೋವಾ ಎಂದು ಓಡುವ ಜಿಲ್ಲೆ. ಇರುವ ನಾಲ್ಕು ಡಾಕ್ಟರು ಒಬ್ಬರಿಗೊಬ್ಬರು ಗೊತ್ತಿರುತ್ತಾರೆ. ಎಲ್ಲ ವೈದ್ಯಕೀಯ ಕೇಸಿಗೂ ತಜ್ಞರ ಸಾಕ್ಷಿ ಬೇಕೇ ಬೇಕು ಅಂತಿಲ್ಲ ಎಂದು 2010ರಲ್ಲಿ ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಆದರೆ ನಿಮ್ಮ ಕೇಸಿನಲ್ಲಿ ಫ್ರೋಜನ್ ಶೋಲ್ಡರ್ ವಾದ ಬಂದೇ ಬರುತ್ತದೆ. ಆ ತೀರ್ಪನ್ನೇ ನೆಚ್ಚಿ ಕೂರಬೇಡಿ. ಜಿಲ್ಲೆಯ ಹೊರಗಿನ ಒಬ್ಬ ಮೂಳೆ ತಜ್ಞರಿಗೆ ಎಂಆರ್‌ಐ ತೋರಿಸಿ, ‘ಈ ಚಿತ್ರಕ್ಕೂ ಆ ಇಂಜೆಕ್ಷನ್ನಿಗೂ ಸಂಬಂಧ ಇರುವ ಸಾಧ್ಯತೆ ಇದೆಯೇ’ ಎಂಬ ಒಂದೇ ಪ್ರಶ್ನೆಗೆ ಬರಹದಲ್ಲಿ ಅಭಿಪ್ರಾಯ ಪಡೆಯಿರಿ. ಅವರು ಇಲ್ಲ ಅಂದರೆ ಕೇಸು ಹಾಕುವುದನ್ನು ಮತ್ತೊಮ್ಮೆ ಯೋಚಿಸಿ. ನಾನಾದರೆ ಹಾಕಲು ಹೇಳುವುದಿಲ್ಲ.

ನಷ್ಟದ ಲೆಕ್ಕವನ್ನು ಜನ ಸರಿಯಾಗಿ ಇಡುವುದಿಲ್ಲ. ಹೊಲಿಗೆ ಬರೆದಿಡುವ ನಿಮ್ಮ ಪುಸ್ತಕ ಇರಬೇಕಲ್ಲ, ಅಳತೆ, ಗಿರಾಕಿ ಹೆಸರು, ಎಷ್ಟು ಕೊಟ್ಟರು ಎಂದು? ಅದೇ ಸಾಕ್ಷಿ. ಅಕ್ಟೋಬರ್‌ವರೆಗೆ ತುಂಬಿದ ಹಾಳೆಗಳು, ಆಮೇಲೆ ಖಾಲಿ ಹಾಳೆಗಳು. ಗಿರಾಕಿಗಳು ಫೋನ್‌ಪೇ ಮಾಡಿದ್ದರೆ ಬ್ಯಾಂಕಿನ ವಿವರವೂ ಸಿಗುತ್ತದೆ. ಅಡಿಕೆ ಸುಲಿಯಲು ನಿಮ್ಮ ಬದಲು ಆಳು ಇಟ್ಟಿದ್ದರೆ ಅವರಿಗೆ ಕೊಟ್ಟ ಕೂಲಿ ಬರೆದಿಡಿ. ಮುಯ್ಯಾಳಿಗೆ ಬಂದು ಸುಲಿದುಕೊಟ್ಟ ನೆರೆಯವರಿದ್ದರೆ ಅವರಿಂದ ಒಂದು ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಮಾಡಿಸಬಹುದು. ಹುಬ್ಬಳ್ಳಿಗೆ ಹೋದ ಬಸ್ ಟಿಕೆಟ್ ಕೂಡ ಬಿಸಾಡಬೇಡಿ. ‘ಮನೆಯಲ್ಲೇ ಇರುವವಳು, ನನಗೇನು ಆದಾಯ’ ಎಂದು ಬರೆಯಲೇಬೇಡಿ. ಮನೆಗೆಲಸಕ್ಕೂ ಹಣದ ಬೆಲೆ ಕಟ್ಟಬೇಕು ಎಂದು ವಾಹನ ಅಪಘಾತದ ಕೇಸುಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ, 2021ರಲ್ಲಿ ಕೀರ್ತಿ ಪ್ರಕರಣದಲ್ಲಿ ಬಹಳ ವಿವರವಾಗಿ. ಅದೇ ನ್ಯಾಯವನ್ನು ಇಲ್ಲೂ ಕೇಳಬಹುದು. ಆದರೆ ಕೇಳುವ ಮೊತ್ತ ಕಾಗದ ಹೇಳುವಷ್ಟೇ ಇರಲಿ. ಇಪ್ಪತ್ತು ಲಕ್ಷ, ಮೂವತ್ತು ಲಕ್ಷ ಎಂದು ಬರೆಸಿದರೆ ನಿಜವಾದ ನೋವೂ ಹಗುರವಾಗಿ ಕಾಣುತ್ತದೆ.

ದೂರಿಗೆ ಮೊದಲು ಆಸ್ಪತ್ರೆಗೆ ಒಂದು ಪತ್ರ ಕೊಡಿ, ಕೊಟ್ಟ ಬಗ್ಗೆ ಸಹಿ ಪಡೆಯಿರಿ. ನಿಮ್ಮ ಎರಡೂ ಭೇಟಿಯ ದಾಖಲೆ, ಬಿಲ್ ಪ್ರತಿ, ಲಸಿಕೆಯ ಬ್ಯಾಚ್ ನಂಬರ್, ಇಂಜೆಕ್ಷನ್ ಕೊಟ್ಟವರ ಹೆಸರು ಮತ್ತು ಅರ್ಹತೆ ಕೇಳಿ. ರೋಗಿ ಕೇಳಿದ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ನಡವಳಿಕೆಯ 2002ರ ನಿಯಮ ಹೇಳುತ್ತದೆ. ಕೊಡದಿದ್ದರೆ ಅದೂ ಮುಂದೆ ನಿಮ್ಮ ಪರವಾಗಿಯೇ ಬರುತ್ತದೆ. ಆಮೇಲೆ ವಕೀಲರ ನೋಟಿಸ್. ಎಷ್ಟೋ ಆಸ್ಪತ್ರೆಗಳಿಗೆ ಇಂಥದ್ದಕ್ಕೆಂದೇ ವಿಮೆ ಇರುತ್ತದೆ. ಹಾಗಾಗಿ ಈ ಹಂತದಲ್ಲೇ ಮಾತುಕತೆಗೆ ಬರುವುದುಂಟು. ಬಂದರೆ ಒಳ್ಳೆಯದೇ, ಊರಿನ ಡಾಕ್ಟರ ಸಂಗಡ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಇರಬೇಕಾಗಿಲ್ಲ. ಆದರೆ ಐದೋ ಹತ್ತೋ ಸಾವಿರ ಕೈಗಿಟ್ಟು ‘ಮುಂದೆ ಯಾವ ತಕರಾರೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಕೇಳಿದರೆ ಅಲ್ಲೇ ಹಾಕಬೇಡಿ. ಭುಜ ಎಷ್ಟರ ಮಟ್ಟಿಗೆ ಸರಿಹೋಗುತ್ತದೆ ಎಂದು ಗೊತ್ತಾಗದೆ ಅಂಥ ಕಾಗದಕ್ಕೆ ಬೆಲೆ ಕಟ್ಟಲು ಬರುವುದಿಲ್ಲ. ಇನ್ನೊಂದು: ಆಸ್ಪತ್ರೆಯ ಹೆಸರು ಹಾಕಿ ವಾಟ್ಸಾಪ್ ಗ್ರೂಪಿಗೆ ಏನನ್ನೂ ಕಳಿಸಬೇಡಿ. ಮಾನನಷ್ಟದ ನೋಟಿಸ್ ನಿಮಗೇ ಬರುತ್ತದೆ.

ಹಣಕ್ಕಾಗಿ ಅಲ್ಲದೆ, ಇನ್ನೊಬ್ಬರಿಗೆ ಹೀಗಾಗದಿರಲಿ ಎಂದಿದ್ದರೆ ಬೇರೆ ಎರಡು ಬಾಗಿಲುಗಳಿವೆ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ಲಸಿಕೆಯ ನಂತರದ ತೊಂದರೆಯನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಆರೋಗ್ಯ ಇಲಾಖೆಗೆ ವರದಿ ಮಾಡಬಹುದು, ಇಲ್ಲವೇ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ಇವುಗಳಿಂದ ಪರಿಹಾರ ಸಿಗುವುದಿಲ್ಲ. ಆದರೆ ಒಂದು ಸರ್ಕಾರಿ ದಾಖಲೆ ಹುಟ್ಟುತ್ತದೆ, ನರ್ಸ್‌ಗಳಿಗೆ ಮತ್ತೆ ತರಬೇತಿ ಕೊಡಲು ಅದೇ ಕಾರಣವಾಗಬಹುದು.

ಇದೇ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಆಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಎಲ್ಲರಿಗೂ ಉಚಿತ ಸೇವೆ ಕೊಡುವ ಕಡೆ ಗ್ರಾಹಕ ಕಾನೂನು ನಡೆಯುವುದಿಲ್ಲ, ಚೀಟಿಗೆ ಐದು ರೂಪಾಯಿ ಕೊಟ್ಟಿದ್ದರೂ ಅಷ್ಟೇ. ಅಂಥವರಿಗೆ ಉಳಿಯುವುದು ಸಿವಿಲ್ ಕೋರ್ಟು, ಇಲ್ಲವೇ ಧಾರವಾಡದ ಹೈಕೋರ್ಟ್ ಪೀಠ. ಅಲ್ಲಿ ಕಾಲಮಿತಿಯ ಲೆಕ್ಕವೂ ಬೇರೆ. ಇದನ್ನು ಓದುವವರಲ್ಲಿ ಯಾರಾದರೂ ಹಾಗಿದ್ದರೆ ತಡ ಮಾಡದೆ ವಕೀಲರನ್ನು ನೋಡಿ.

ನಿಮಗಿರುವ ಗಡುವು ಎರಡು ವರ್ಷ. ಕಳೆದ ಅಕ್ಟೋಬರ್‌ನಿಂದ ಲೆಕ್ಕ, ಅದರಲ್ಲಿ ಏಳು ತಿಂಗಳು ಆಗಲೇ ಹೋಗಿದೆ. ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಶಿರಸಿ ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ. ಹೋಗುವಾಗ ಮೂರನೇ ದಿನದ ಆ ಚೀಟಿ, ಬಿಲ್, ಎಂಆರ್‌ಐ ವರದಿ ಮತ್ತು ಹೊಲಿಗೆ ಪುಸ್ತಕ ಜೊತೆಗಿರಲಿ. ಜೆರಾಕ್ಸ್ ಮಾತ್ರ ಕೊಡಿ, ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ, ನಿಮ್ಮ ವಕೀಲರ ಕೈಗೂ.